ಅಚ್ಚುಮರದೊಳಗಿನ ಸೀಸೆ

"ಆ ಗಾಡಿಗೆ ಕೈ ಹಚ್ಚಬ್ಯಾಡ ಮಗಾ," ಎಂದಳು ಹೆಪ್ಸಿಬಾ ಅಜ್ಜಿ. "ನಿನ್ನ ಕೈಲಿ ಕಸುಬಿದೆ, ಕಾಡಲ್ಲಿ ಮರ ಇದೆ. ಬೇರೆ ಗಾಡಿ ಮಾಡ್ಕೊ. ಇದೊಂದು ಬ್ಯಾಡ."

ಬಗ್ಗಿ ಚಕ್ರವನ್ನು ತಟ್ಟಿ ನೋಡುತ್ತಿದ್ದ ಜೋಥಮ್ ಪೆಲ್ ತಲೆಯೆತ್ತಿ ನಕ್ಕ. "ಯಾಕಜ್ಜಿ, ಕಚ್ಚುತ್ತಾ?"

ಅಜ್ಜಿ ನಗಲಿಲ್ಲ. ಕೊಟ್ಟಿಗೆಯ ಬಾಗಿಲಾಚೆ ನಿಂತಿದ್ದವಳು ಒಳಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಒಳಗೆ ಹಗಲಲ್ಲೂ ಕತ್ತಲು. ಕೊಬ್ಬಿನ ಹಳೆಯ ಕೀಲೆಣ್ಣೆ, ಇಲಿಹಿಕ್ಕೆ, ಒದ್ದೆ ಹುಲ್ಲು ಎಲ್ಲ ಬೆರೆತ ವಾಸನೆ. ಅದರ ಅಡಿಯಲ್ಲಿ ತುಕ್ಕಿನದೋ ಒಣಗಿದ ರಕ್ತದ್ದೋ ಹೇಳಲಾಗದ ಇನ್ನೊಂದು ವಾಸನೆ. ಗಾಡಿಯ ಹಿಂಭಾಗದ ಅಡ್ಡಪಟ್ಟಿಯಲ್ಲಿ ಹಗ್ಗ ಉಜ್ಜಿ ಉಜ್ಜಿ ಎರಡು ಕಡೆ ಮರ ಸವೆದು ಗುಳಿಬಿದ್ದಿತ್ತು.

"ಅದಕ್ಕೆ ಕಟ್ಟಿ ಯಾರನ್ನೂ ಹೊಡೀಬ್ಯಾಡ. ನಿನಗಿಂತ ಮುಂಚೆ ಇದ್ದ ಇಬ್ಬರು ಕಾನ್‌ಸ್ಟೇಬಲ್ಲು ಏನಾದ್ರು ಅಂತ ಕೇಳಿದೀಯಾ?"

"ಕೇಳಿದೀನಿ. ಒಬ್ಬ ಬೆನ್ನು ಕೊಳೆತು ಸತ್ತ. ಇನ್ನೊಬ್ಬ ಅಂಗಿ ಮೈಗೆ ತಾಗಿದ್ರೆ ಸಾಕು ಅಂತ ಕಿರುಚ್ತಾ ಬರಿಮೈಲಿ ಹಿಮದೊಳಗೆ ಓಡಿಹೋದ. ಸರ್ಪಸುತ್ತು ಅಜ್ಜಿ, ಅದು ಸರ್ಪಸುತ್ತು! ನಮ್ಮ ಕೋಲ್ಚೆಸ್ಟರಲ್ಲೂ ಬರ್ತಿತ್ತು."

ಅಜ್ಜಿ ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿಕೊಂಡಳು. ಸ್ಟೋನ್‌ಬ್ರಿಗ್ ಊರಿಗೆಲ್ಲ ಅವಳೊಬ್ಬಳೇ ಸೂಲಗಿತ್ತಿ. ಅವಳಿಗಿದ್ದ ಒಬ್ಬಳೇ ಮಗಳು ಡಾರ್ಕಸ್ ಹುಡುಗುಬುದ್ಧಿಯಲ್ಲಿ ಕ್ವೇಕರರ ಜೊತೆ ಸೇರಿದ್ದಳು. ಪಾದ್ರಿ ಬೇಡ, ಪ್ರವಚನ ಬೇಡ, ಸುಮ್ಮನೆ ಕೂತರೆ ದೇವರೇ ಒಳಗಿನಿಂದ ಮಾತಾಡುತ್ತಾನೆ ಎನ್ನುವ ಮಂದಿ ಅವರು. ಮೂರು ಚಳಿಗಾಲದ ಹಿಂದೆ ಅವಳನ್ನು ಇದೇ ಗಾಡಿಯ ಹಿಂದೆ ಕಟ್ಟಿ, ಸೊಂಟದವರೆಗೆ ಬಟ್ಟೆ ಬಿಚ್ಚಿ, ಛಡಿಯಲ್ಲಿ ಹೊಡೆಯುತ್ತಾ ಊರಿನ ಗಡಿಯಾಚೆಗೆ ಅಟ್ಟಿದ್ದರು. ಹಿಮ ಕರಗಿದಾಗ ಅವಳು ಜೌಗಿನಲ್ಲಿ ಹೆಣವಾಗಿ ಸಿಕ್ಕಿದಳು. ಮುದುಕಿಗೆ ಮಗಳ ಸಂಕಟ ತಲೆಗೇರಿದೆ ಎಂದು ಜೋಥಮ್ ಮನಸ್ಸಿನಲ್ಲೇ ಮರುಗಿ, ಮತ್ತೆ ಚಕ್ರದ ಕಡೆ ತಿರುಗಿದ. ಮರುಗುವುದರಲ್ಲಿ ಅವನು ಯಾವತ್ತೂ ಹಿಂದೆ ಬಿದ್ದವನಲ್ಲ.

ಅವನು ಒಳ್ಳೆಯವನೇ. ಹಾಗೆಂದು ಅವನಿಗೇ ಖಾತ್ರಿಯಿತ್ತು, ತೊಂದರೆ ಇದ್ದದ್ದು ಅಲ್ಲೇ. ಇಂಗ್ಲೆಂಡಿನಿಂದ ಹಡಗು ಇಳಿದು ವರ್ಷ ತುಂಬಿರಲಿಲ್ಲ. ಯಾರು ಯಾವ ದೇವರನ್ನು ಹೇಗೆ ಬೇಕಾದರೂ ಕರೆಯಲಿ, ಚಕ್ರ ದುಂಡಗಿದ್ದರೆ ತನಗೆ ಸಾಕು ಎಂದು ಹೇಳಿಕೊಂಡು ತಿರುಗುತ್ತಿದ್ದ. ಹೆಂಡತಿ ತಮಸಿನ್ ಏಳು ತಿಂಗಳ ಬಸುರಿ. ಹೊಸಬರು ಬಡವರಾಗಿದ್ದರೆ ಹಿಮ ಬೀಳುವ ಮೊದಲೇ ಊರು ಬಿಡಿ ಎಂದು ಬಾಗಿಲಿಗೆ ಬಂದು ಹೇಳುವುದು ಆ ಸೀಮೆಯ ವಾಡಿಕೆ. ಬಸುರಿಯನ್ನು ಕಟ್ಟಿಕೊಂಡು ಆ ಚಳಿಯಲ್ಲಿ ಎಲ್ಲಿಗೆ ಹೋಗುವುದು? ಅಂಥ ಹೊತ್ತಿನಲ್ಲೇ ಚರ್ಚಿನ ಹಿರಿಯ, ಊರಿನ ಯಜಮಾನ ಡೀಕನ್ ಎಲ್ಕಾನಾ ಫ್ರಾಸ್ಟ್ ಅವನನ್ನು ಕರೆಸಿದ್ದ.

"ಕಾನ್‌ಸ್ಟೇಬಲ್ ಆದೋನು ಊರಿನೋನೇ ಕಣಯ್ಯಾ. ಅವನನ್ನ ಹೊರಡು ಅನ್ನೋಕೆ ಯಾರಿಗೂ ಬಾಯಿಲ್ಲ. ಹಳ್ಳದ ಪಕ್ಕದ ಮನೆ, ಜಾಗ ಎರಡೂ ನಿನ್ನದೇ. ಏನಂತೀಯಾ?"

ಊರಿನ ಒಬ್ಬ ಗಂಡಸೂ ಆ ಕೆಲಸಕ್ಕೆ ಒಪ್ಪದ ಕಾರಣ ಡೀಕನ್ನನಿಗೆ ಇಷ್ಟು ಔದಾರ್ಯ ಬಂದಿತ್ತು. ಜೋಥಮ್ ಒಪ್ಪಿಕೊಂಡ.

"ಕ್ವೇಕರ್ ಯಾರಾದ್ರೂ ಬಂದ್ರೆ ಹೊಡೀತೀಯಾ?" ಎಂದು ತಮಸಿನ್ ಕೇಳಿದ್ದಳು.

"ಮೆಲ್ಲಗೆ ಹೊಡೀತೀನಿ, ತೋರಿಕೆಗೆ. ನೀನೇ ಹೇಳು, ಯಾವನೋ ಕಲ್ಲೆದೆಯವನು ಹೊಡೆಯೋದಕ್ಕಿಂತ ನನ್ನಂಥೋನು ಹೊಡೆದ್ರೆ ಅವರಿಗೇ ಒಳ್ಳೇದಲ್ವಾ?"

ಅವಳು ಒಲೆಗೆ ಇನ್ನೊಂದು ಸೌದೆ ಒಟ್ಟಿದಳು. ಮನೆ ಬೆಚ್ಚಗಿತ್ತು.

ಅಜ್ಜಿ ಹೋದ ಮೇಲೆ ಜೋಥಮ್ ಕಡಾಣಿ ಕಳಚಿ ಚಕ್ರ ಬಿಚ್ಚಿದ. ಅಚ್ಚುಮರದ ನಡುವೆ ಒಂದು ಕಡೆ ಮರದ ಬಣ್ಣ ಬೇರೆ. ಯಾರೋ ಅಲ್ಲಿ ಕೊರೆದು ಆಮೇಲೆ ಬೆಣೆ ಬಡಿದಿದ್ದರು, ಕಸುಬಿನವರ ಕೆಲಸವಲ್ಲ. ಉಳಿ ಹಾಕಿ ಬೆಣೆಯನ್ನು ಎಬ್ಬಿಸಿದ. ಒಳಗೆ ಗೇಣುದ್ದಕ್ಕಿಂತ ಚಿಕ್ಕದೊಂದು ಮಣ್ಣಿನ ಸೀಸೆ, ಅದರ ಕೊರಳ ಮೇಲೆ ಗಡ್ಡದ ಮುಖ. ಅಲುಗಿಸಿದರೆ ಒಳಗೆ ನೀರಾಡಿತು. ಕಬ್ಬಿಣದ ಚೂರುಗಳು ಕಿಣಿಕಿಣಿ ಎಂದವು. ಕೈಗೆ ಅದು ಬೆಚ್ಚಗಿತ್ತು. ಹೊರಗೆ ಮಂಜು ಕಟ್ಟುವ ಚಳಿಯಿದ್ದರೂ ಬೆಚ್ಚಗಿತ್ತು.

ಅವನು ಅದನ್ನು ಮನೆಗೆ ತಂದ. ತಮಸಿನ್ ಒಲೆಯ ಮುಂದೆ ಕೂತು ಮೆಕ್ಕೆಜೋಳದ ರೊಟ್ಟಿ ಬೇಯಿಸುತ್ತಿದ್ದಳು. ನೋಡಿದ್ದೇ ಅವಳ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಮಾಟದ ಸೀಸೆ ಅದು! ಎಲ್ಲಿತ್ತೋ ಅಲ್ಲೇ ಇಟ್ಟು ಬಾ ಜೋಥಮ್. ಕೈ ಮುಗೀತೀನಿ."

"ಅಲ್ಲೇ ಇಡೋಕೆ ಅದೇನು ದೇವರಾ? ಅಚ್ಚಿನಲ್ಲಿ ತೂತಿದ್ರೆ ನಡುದಾರೀಲಿ ಗಾಡಿ ಮುರಿಯುತ್ತೆ. ಹೆಸರು ಯಾರದು ಹಾಳಾಗೋದು, ಸೈತಾನಂದಾ ನಂದಾ?" ಎಂದು ಸೀಸೆಯನ್ನು ಅವಳ ಮೂಗಿನ ಮುಂದೆ ಆಡಿಸಿ, ಮುಸುಡಿ ಸೊಟ್ಟ ಮಾಡಿ, ಒಲೆಯ ಕೆಂಡದೊಳಗೆ ಎಸೆದ.

ಸೀಸೆ ಮೊದಲು ಸಿಳ್ಳೆ ಹಾಕಿತು. ಆಮೇಲೆ ಸಿಡಿಯಿತು. ಸುಟ್ಟ ಕೂದಲಿನ, ಕಾದ ಉಚ್ಚೆಯ ನಾತ ಮನೆತುಂಬ ಹಬ್ಬಿತು. ತಿಳಿಕಂದು ಬಣ್ಣದ ಉದ್ದ ಜಡೆಯೊಂದು ಬೆಂಕಿಯಲ್ಲಿ ಸುರುಳಿ ಸುತ್ತಿ ಉರಿಯುವುದು ಕಂಡಿತು. ಬಗ್ಗಿಸಿದ ಗುಂಡುಸೂಜಿಗಳು ನೆಲಕ್ಕೆಲ್ಲ ಚೆಲ್ಲಿದವು. ತಮಸಿನ್ ಚಿಟ್ಟನೆ ಚೀರಿದಳು. ಒಂದು ಸೂಜಿ ಅವಳ ಅಂಗೈಗೆ ನಾಟಿತ್ತು. ರಕ್ತದ ಒಂದು ಹನಿ ಒಲೆಗಲ್ಲಿನ ಮೇಲೆ ಬಿತ್ತು. ಬಿದ್ದ ಕ್ಷಣವೇ ಕಲ್ಲು ಅದನ್ನು ಕುಡಿದಿತ್ತು, ಕಲೆಯೂ ಉಳಿಯಲಿಲ್ಲ. ಜೋಥಮ್ ಹಲ್ಲಿನಿಂದ ಸೂಜಿ ಕಿತ್ತು ಉಗುಳಿ, "ಹೋಯ್ತು ಬಿಡು ನಿನ್ನ ಸೈತಾನ," ಎಂದ. ಮರುದಿನ ಅಚ್ಚುಮರದ ತೂತಿಗೆ ಹೊಸ ಓಕ್ ಮರದ ಬೆಣೆ ಬಡಿದ. ಬಹಳ ಅಚ್ಚುಕಟ್ಟಾದ ಕೆಲಸ.

ನವೆಂಬರಿನ ಒಂದು ಗುರುವಾರ ಎಸ್ತರ್ ಬಂದಳು. ರೋಡ್ ಐಲೆಂಡಿನಿಂದ ನಡೆದೇ ಬಂದಿದ್ದ ನಡುವಯಸ್ಸಿನ ಹೆಂಗಸು, ಹರಿದ ಬೂಟು, ಬೂದುಬಣ್ಣದ ಉಡುಪು. ನೇರ ಚರ್ಚಿನ ಸಭಾಮನೆಯ ಮೆಟ್ಟಿಲ ಮುಂದೆ ನಿಂತು ಡೀಕನ್ನನ ಮುಖ ನೋಡಿದಳು.

"ಎಲ್ಕಾನಾ, ನೀನು ಒಬ್ಬ ಹುಡುಗೀನ ಹಿಮಕ್ಕೆ ಅಟ್ಟಿ ಕೊಂದೆ. ಅವಳು ಸತ್ತ ಊರಲ್ಲಿ ಒಂದು ಗಳಿಗೆ ಸುಮ್ಮನೆ ಕೂರೋಣ ಅಂತ ಬಂದೆ. ಬೇಕಾದ್ರೆ ನೀನೂ ಕೂತ್ಕೊ."

"ನೀನಂತೆ, ನೀನು! ಡೀಕನ್ನೋರಿಗೆ!" ಎಂದು ಹೆಂಗಸರು ಕೂಗಿದರು. ಹುಡುಗಿಯನ್ನು ಕೊಂದೆ ಎಂಬ ಮಾತಿಗಿಂತ ಏಕವಚನವೇ ಅವರಿಗೆ ಹೆಚ್ಚು ಚುಚ್ಚಿತ್ತು. ಆದರೆ ಅವಳ ಕ್ವೇಕರ್ ಪಂಗಡದವರಿಗೆ ರಾಜನಾದರೂ ನೀನೇ, ತಿರುಕನಾದರೂ ನೀನೇ.

ಬೋಸ್ಟನ್ನಿನ ಕಾನೂನು ಸ್ಪಷ್ಟವಾಗಿತ್ತು. ಅಲೆದು ಬಂದ ಕ್ವೇಕರರನ್ನು ಗಾಡಿಗೆ ಕಟ್ಟಿ ಹೊಡೆಯುತ್ತಾ ಗಡಿ ಮುಟ್ಟಿಸಬೇಕು. ಅಲ್ಲಿ ಮುಂದಿನ ಊರಿನ ಕಾನ್‌ಸ್ಟೇಬಲ್ ಅದೇ ಗಾಡಿ ಪಡೆದು ತನ್ನೂರಲ್ಲಿ ಹೊಡೆಯಬೇಕು. ಅಲ್ಲಿಂದ ಅದರ ಮುಂದಿನ ಊರು. ಜೋಥಮ್ ಅವಳ ಕೈಗಳನ್ನು ಅಡ್ಡಪಟ್ಟಿಗೆ ಸಡಿಲವಾಗಿ ಕಟ್ಟಿದ. ಚಳಿಗೆ ಅವಳ ಬೆನ್ನಿನ ಮೇಲೆ ಮುಳ್ಳು ಎದ್ದಿತ್ತು.

"ತಾಳ್ಕೊಮ್ಮಾ. ನಾನು ನಿಮ್ಮ ವೈರಿ ಅಲ್ಲ. ಮೆಲ್ಲಗೆ ಹೊಡೀತೀನಿ," ಎಂದು ಪಿಸುಗುಟ್ಟಿದ.

"ಮೆಲ್ಲಗೆ ಹೊಡೆದ್ರೂ ಹೊಡೆದ ಹಾಗೇ ಅಣ್ಣಾ," ಎಂದಳು ಅವಳು.

ಗಾಡಿ ಹೊರಟಿತು. ಮೊದಲ ಏಟುಗಳನ್ನು ಅವನು ನಿಜಕ್ಕೂ ಮೆಲ್ಲಗೇ ಹಾಕಿದ. ಡೀಕನ್ ಪಕ್ಕದಲ್ಲೇ ನಡೆಯುತ್ತಿದ್ದ. "ಏನಯ್ಯಾ ಪೆಲ್, ನೊಣ ಓಡಿಸ್ತಿದೀಯಾ? ಹಳ್ಳದ ಪಕ್ಕದ ಮನೆ ಬ್ಯಾಡ್ವಾ ನಿನ್ನ ಹೆಂಡತಿಗೆ?" ಜನ ಗೊಳ್ಳೆಂದು ನಕ್ಕರು. ಜೋಥಮನ ಕಿವಿ ಕೆಂಪಾಯಿತು. ಮುಂದಿನ ಏಟು ಸ್ವಲ್ಪ ಬಿಗಿಯಾಯಿತು. ಅದರ ಮುಂದಿನದು ಇನ್ನೂ ಬಿಗಿ. ಅವಳು ಕೂಗಲಿಲ್ಲ. ಬೆನ್ನು ಬೆಳ್ಳಗೇ ಇತ್ತು. ಒಂದು ಗೆರೆಯಿಲ್ಲ, ಒಂದು ಬಾಸುಂಡೆಯಿಲ್ಲ. "ಹೊಡೆಯೋಕೆ ಬರಲ್ಲ ಇವನಿಗೆ!" ಎಂದು ಯಾರೋ ಅಂದರು. ಅವನಿಗೆ ಸಿಟ್ಟು ಬಂತು. ಡೀಕನ್ನನ ಮೇಲಲ್ಲ, ಆ ಬೆಳ್ಳನೆಯ ಬೆನ್ನಿನ ಮೇಲೆ. ತೋಳು ಪೂರ್ತಿ ಎತ್ತಿ ಬೀಸಿದ. ಮತ್ತೆ ಬೀಸಿದ. ಹಳ್ಳದ ಕಡೆಯಿಂದ ಏನೋ ಚೀರಿದ ಸದ್ದು ಗಾಳಿಯಲ್ಲಿ ತೇಲಿಬಂತು. ಕಡಲಹಕ್ಕಿ ಇರಬೇಕು ಎಂದುಕೊಂಡ. ಬೀಸಿದಾಗಲೆಲ್ಲ ಆ ಹಕ್ಕಿ ಕೂಗಿತು.

ಗಡಿಯ ಸೇತುವೆ ಬಂದಾಗ ಎಸ್ತರ್ ತಿರುಗಿ ನೋಡಿದಳು. ಅವಳ ಮುಖದಲ್ಲಿ ಬೆರಗಿತ್ತು, ಕಣ್ಣಲ್ಲಿ ನೀರು. "ಒಂದೂ ನೋಯಲಿಲ್ಲ ಅಣ್ಣಾ. ದೇವರು ನನ್ನ ನೋವು ತಗೊಂಡುಬಿಟ್ಟ."

ಸೇತುವೆಯಾಚೆ ಕೋಲ್ಡ್‌ವೆಲ್ ಊರಿನ ಕಾನ್‌ಸ್ಟೇಬಲ್ ನಥಾನ್ ಗೂಚ್ ನೆಗಡಿಯ ಮೂಗು ಒರೆಸುತ್ತಾ ಕಾಯುತ್ತಿದ್ದ. "ನಮ್ಮಲ್ಲಿ ಗುರುವಾರದ ಪ್ರವಚನ ನಡೀತಿದೆ. ಗಂಟೆ ಹೊಡೆದು ಜನ ಹೊರಗೆ ಬರಲಿ, ಆಮೇಲೆ ಶುರು ಹಚ್ಕೋತೀನಿ. ನೋಡೋರಿಲ್ದೆ ಹೊಡೆದು ಏನ್ ಬಂತು?" ಎಂದು ಹಗ್ಗವನ್ನು ಜಗ್ಗಿ ಬಿಗಿ ಮಾಡಿಕೊಂಡ.

ಜೋಥಮ್ ಮನೆಗೆ ಬಂದಾಗ ಬಾಗಿಲು ತೆರೆದಿತ್ತು. ರೊಟ್ಟಿ ಸೀದ ವಾಸನೆ. ಅದರ ಜೊತೆಗೆ ಆ ಕೊಟ್ಟಿಗೆಯ ವಾಸನೆ, ತುಕ್ಕಿನದೋ ರಕ್ತದ್ದೋ ಎಂದು ಅವತ್ತು ತಿಳಿಯದಿದ್ದದ್ದು. ಈಗ ತಿಳಿಯಿತು.

ತಮಸಿನ್ ಹಾಸಿಗೆಯ ಮೇಲೆ ಮಗ್ಗುಲಾಗಿ ಮುದುಡಿದ್ದಳು. ಹೆಪ್ಸಿಬಾ ಅಜ್ಜಿ ಹಂದಿಕೊಬ್ಬು ಸವರಿದ ಬಟ್ಟೆ ಹಿಡಿದು ಪಕ್ಕದಲ್ಲಿ ಕೂತಿದ್ದಳು. ಬಿಚ್ಚಿಟ್ಟ ರವಿಕೆ ನೆನೆದು ತೊಪ್ಪೆಯಾಗಿತ್ತು, ಆದರೆ ಎಲ್ಲೂ ಹರಿದಿರಲಿಲ್ಲ. ಹರಿದದ್ದು ಬೆನ್ನು. ಭುಜದ ಹತ್ತಿರ ತೆಳ್ಳಗಿನ ಕೆಂಪು ಗೆರೆಗಳು, ಮೆಲ್ಲಗೆ ಹಾಕಿದವು. ಅವುಗಳ ಕೆಳಗೆ ಸ್ವಲ್ಪ ಬಿಗಿಯಾದವು. ಅದರ ಕೆಳಗೆ ಮಾಂಸ ಬಿರಿದವು. ಜೋಥಮ್ ತನ್ನ ಕೈಕೆಲಸವನ್ನು ಗುರುತು ಹಿಡಿದ.

"ಸೀಸೆ ಎಲ್ಲಿ?" ಅಜ್ಜಿ ಅವನ ತೋಳು ಹಿಡಿದಳು. "ಅಚ್ಚಿನೊಳಗೆ ಇತ್ತಲ್ಲ, ಅದು ಎಲ್ಲಿ?"

"ಒಲೆಗೆ ಹಾಕ್ದೆ."

"ಯಾರ ಒಲೆಗೆ?"

ಅವನು ಒಲೆಯ ಕಡೆ ನೋಡಿದ. ಅಜ್ಜಿ ತಲೆ ಚಚ್ಚಿಕೊಂಡಳು.

"ನಾನೇ ಇಟ್ಟಿದ್ದು ಕಣೋ. ಒಳಗಿದ್ದಿದ್ದು ನನ್ನ ಡಾರ್ಕಸ್ ಜಡೆ. ಆ ಗಾಡಿಗೆ ಕಟ್ಟಿದೋರಿಗೆ ಇನ್ನು ಒಂದೇಟೂ ತಾಗಬಾರದು, ಎಲ್ಲ ಗಾಡಿ ಕಾಯೋನ ಬೆನ್ನಿಗೇ ಬೀಳಲಿ ಅಂತ ಕಟ್ಟಿದ್ದೆ. ನೀನು ಅದನ್ನ ತಂದು ಒಲೆಗೆ ಹಾಕ್ದೆ. ಒಲೆ ಕಾಯೋಳು ಯಾರು?"

ತಮಸಿನಳ ಅಂಗೈಯಲ್ಲಿ ಸೂಜಿ ಚುಚ್ಚಿದ ಜಾಗ ಕಪ್ಪಗಾಗಿತ್ತು.

"ಬಿಡಿಸು. ಈಗಲೇ ಬಿಡಿಸು!"

"ಸೀಸೆ ಇದ್ದಿದ್ರೆ ಬಿಡಿಸ್ತಿದ್ದೆ. ಬೂದಿ ಆದ ಮೇಲೆ ಏನನ್ನ ಬಿಡಿಸಲಿ? ಇವಳ ಉಸಿರಿರೋವರೆಗೂ ಆ ಗಾಡಿಯ ಏಟೆಲ್ಲ ಇವಳದೇ."

"ಅವತ್ತೇ ಯಾಕೆ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರೆ ಮಾಟಗಾತಿ ಅಂತ ನೇಣಿಗೆ ಎಳ್ಕೊಂಡು ಹೋಗ್ತಿದ್ರು. ಎಳೆಯೋನು ಯಾರು? ನೀನೇ ತಾನೇ ಕಾನ್‌ಸ್ಟೇಬಲ್ಲು?"

ತಮಸಿನ್ ಕಣ್ಣು ತೆರೆದಳು. "ಮಗು ಇನ್ನೂ ಆಡ್ತಿದೆ ಜೋಥಮ್," ಎಂದಳು. "ಇನ್ನು ಮುಗೀತಲ್ಲ? ಇನ್ನಿಲ್ಲ ಅಲ್ವಾ?"

ಜೌಗಿನಾಚೆ, ದೂರದಲ್ಲಿ, ಕೋಲ್ಡ್‌ವೆಲ್ಲಿನ ಗಂಟೆ ಹೊಡೆಯಿತು.

ಅವನು ಕೊಡಲಿ ಎತ್ತಿಕೊಂಡು ಓಡಿದ. ಸೇತುವೆ ದಾಟಿದ. ದಾರಿ ಬಳಸು, ಜೌಗಿಗೇ ಇಳಿದ. ಮೊಣಕಾಲಿನವರೆಗೆ ಕೆಸರು. ಕೊಳೆತ ಜೊಂಡಿನ ನಾತ. ಮೋಡ ಕವಿದು ಹಗಲೇ ಕಪ್ಪಾಗಿತ್ತು. ಡಾರ್ಕಸ್ ಸಿಕ್ಕಿದ್ದು ಇಲ್ಲೇ ಎಲ್ಲೋ. ಬಿದ್ದ. ಎದ್ದ. ಮತ್ತೆ ಓಡಿದ. ಗಾಡಿ ಮುರಿಯಬೇಕು. ಅಚ್ಚು ಮುರಿದರೆ ಸಾಕು. ಗಾಡಿಯೇ ಇಲ್ಲದಿದ್ದರೆ ಗಾಡಿಯ ಏಟೆಲ್ಲಿ?

ಕೋಲ್ಡ್‌ವೆಲ್ಲಿನ ಬಯಲಲ್ಲಿ ಜನ ಕಿಕ್ಕಿರಿದಿದ್ದರು. ಗೂಚ್ ಅಂಗಿಯ ತೋಳು ಮಡಚುತ್ತಿದ್ದ. ಜೋಥಮ್ ಗುಂಪನ್ನು ಸೀಳಿಕೊಂಡು ನುಗ್ಗಿ ಗಾಡಿಯ ಅಡಿಗೆ ಕೊಡಲಿ ಬೀಸಿದ. ಅಚ್ಚುಮರದ ನಡುವಿಗೇ ಬಿತ್ತು. ಆದರೆ ಅಲ್ಲಿ ಅವನೇ ಬಡಿದ ಓಕ್ ಮರದ ಬೆಣೆಯಿತ್ತು. ಕೊಡಲಿ ಠಣ್ಣೆಂದು ಹಿಂದಕ್ಕೆ ಚಿಮ್ಮಿತು. ಎರಡನೆಯ ಸಲ ಎತ್ತುವಷ್ಟರಲ್ಲಿ ಜನ ಅವನನ್ನು ನೆಲಕ್ಕೆ ಕೆಡವಿದ್ದರು.

"ಹೊಡೀಬೇಡಿ! ಅವಳನ್ನ ಬಿಟ್ಟುಬಿಡಿ! ಅವಳು ಏನು ಮಾಡಿದಾಳೆ? ಅವಳ ದೇವರು ಅವಳಿಗೆ, ನಿಮ್ಮ ದೇವರು ನಿಮಗೆ!" ಬೆಳಿಗ್ಗೆ ಸಭಾಮನೆಯ ಮುಂದೆ ಆಡಬಹುದಾಗಿದ್ದ ಮಾತು ಅದು. ಆಗ ಬಾಯಿಗೆ ಬಂದಿರಲಿಲ್ಲ.

"ಓಹೋ!" ಎಂದ ಗೂಚ್. "ಬೆಳಿಗ್ಗೆ ಹೊಡೆದೋನು ಮಧ್ಯಾಹ್ನಕ್ಕೆ ಕ್ವೇಕರ್ ಆಗಿಬಿಟ್ಟ ನೋಡ್ರಪ್ಪೋ!"

ಮಾಟ ಎಂದು ಕೂಗಲೇ? ಯಾರ ಮಾಟ ಎಂದು ಕೇಳುತ್ತಾರೆ. ಹೆಪ್ಸಿಬಾಳ ಹೆಸರು ಹೇಳಿದರೆ ಅವಳನ್ನು ಹಾಸಿಗೆಯ ಪಕ್ಕದಿಂದ ಎಳೆದೊಯ್ಯುತ್ತಾರೆ. ತಮಸಿನಳನ್ನು ನೋಡಿಕೊಳ್ಳಲು ಇರುವ ಕೈ ಅದೊಂದೇ.

ಊರಿನ ಹಿರಿಯನೊಬ್ಬ ಮುಂದೆ ಬಂದ. "ಕ್ವೇಕರರ ಪರ ನಿಂತೋನಿಗೆ ಕ್ವೇಕರರ ಶಿಕ್ಷೆಯೇ. ಕಟ್ಟಿ ಇವನನ್ನೂ."

"ಮರಕ್ಕೆ ಕಟ್ಟಿ! ಕಂಬಕ್ಕೆ ಕಟ್ಟಿ! ಸಾಯೋ ಹಾಗೆ ಹೊಡೀರಿ ನನ್ನ! ಗಾಡಿಗೆ ಮಾತ್ರ ಬ್ಯಾಡ, ನಿಮ್ಮ ಕಾಲಿಗೆ ಬೀಳ್ತೀನಿ, ಗಾಡಿಗೆ ಬ್ಯಾಡ!"

ಜನ ಹೊಟ್ಟೆ ಹಿಡಿದು ನಕ್ಕರು. ಗೂಚ್ ಅವನ ಅಂಗಿ ಹರಿದು ಎಸ್ತರಳ ಪಕ್ಕಕ್ಕೇ ಬಿಗಿದ. ಸವೆದ ಆ ಗುಳಿಗಳಲ್ಲಿ ಹಗ್ಗ ಸರಿಯಾಗಿ ಕೂತಿತು.

"ಹೆದರ್ಬೇಡ ಅಣ್ಣಾ," ಎಂದಳು ಎಸ್ತರ್ ಮೆಲ್ಲಗೆ. "ನಿನ್ನ ನೋವನ್ನೂ ಅವನೇ ತಗೋತಾನೆ."

"ತಗೊಂಡಿದ್ದು ನಿನ್ನ ದೇವರಲ್ಲ," ಎಂದ ಜೋಥಮ್. "ನನ್ನ ಹೆಂಡತಿ."

ಅವಳು ಅವನ ಮುಖ ನೋಡಿದಳು. ಅವನು ಉಸಿರು ಕಟ್ಟುತ್ತಾ ನಾಲ್ಕು ಮಾತಿನಲ್ಲಿ ಹೇಳಿದ. ಅಷ್ಟು ದೂರ ನಡೆದು ಬಂದ ಹೆಂಗಸು ಆಗ ಮೊದಲ ಸಲ ಹಗ್ಗ ಬಿಡಿಸಿಕೊಳ್ಳಲು ನೋಡಿದಳು.

ಏಟು ಬಿತ್ತು. ಛಡಿಯ ಸದ್ದು ಕೇಳಿತು. ನೋವಿಲ್ಲ. ಜೋಥಮ್ ಕಿರುಚಿದ. ಮತ್ತೆ ಬಿತ್ತು. ನೋವಿಲ್ಲ. "ಬೆನ್ನು ನೋಡಿ! ಗೆರೆ ಕೂಡ ಇಲ್ಲ! ದೆವ್ವ ಹೊಕ್ಕಿದೆ ಇವನಿಗೆ!" ಗೂಚ್ ಎರಡೂ ಕೈಯಲ್ಲಿ ಛಡಿ ಹಿಡಿದ. ಬಿತ್ತು. ನೋವಿಲ್ಲ. ಚಳಿಗಾಳಿ ಮಾತ್ರ ಬೆನ್ನಿಗೆ ತಾಗಿತು. ಅದೊಂದು ತಾಗಿತು. ಅವನು ಹಗ್ಗ ಜಗ್ಗಿದ, ಮಣಿಕಟ್ಟು ಸುಲಿಯಿತು. "ತಮಸಿನ್! ತಮಸಿನ್!" ಎಸ್ತರಳ ಮೇಲೆ ಒಂದು. ಅವನ ಮೇಲೆ ಒಂದು. ಅವಳೂ ಈಗ ಅಳುತ್ತಿದ್ದಳು, ನಿಲ್ಲಿಸು ಎಂದು ಗೂಚನನ್ನು ಬೇಡುತ್ತಿದ್ದಳು. ಜೌಗಿನ ಕಡೆಯಿಂದ ಹಕ್ಕಿ ಕೂಗಿತು. ಕೂಗಿತು. ಆಮೇಲೆ ಕೂಗಲಿಲ್ಲ.

ಮುಂದಿನ ಏಟು ಬಿತ್ತು. ಉರಿಯಿತು.

ಭುಜದಿಂದ ಸೊಂಟದವರೆಗೆ ಚರ್ಮ ಹರಿಯಿತು. ಬಿಸಿ ರಕ್ತ ಬೆನ್ನಿನ ಮೇಲೆ ಇಳಿಯಿತು. ಜೋಥಮ್ ಕಿರುಚುವುದನ್ನು ನಿಲ್ಲಿಸಿದ. ಇವಳ ಉಸಿರಿರೋವರೆಗೂ, ಎಂದಿದ್ದಳು ಅಜ್ಜಿ.

"ಬಿಡ್ತು ನೋಡಿ, ದೆವ್ವ ಬಿಡ್ತು!" ಎಂದು ಜನ ಕೈ ತಟ್ಟಿದರು. ಗೂಚ್ ಮೂಗು ಒರೆಸಿಕೊಂಡು ಎತ್ತುಗಳನ್ನು ಮುಂದಕ್ಕೆ ಅಟ್ಟಿದ. ಗಾಡಿ ಮುಂದಿನ ಊರಿನ ದಾರಿ ಹಿಡಿಯಿತು. ಅದರ ಅಚ್ಚು ಎಲ್ಲೂ ಸದ್ದು ಮಾಡಲಿಲ್ಲ.